ಲ್ಯಾಟಿನೊ ಸಮುದಾಯದ ಆರೋಗ್ಯ ಸಂಶೋಧನೆ: ಕಿರಿಯ ಸಂಶೋಧಕರ ಬೆನ್ನಿಗೆ ಹೇಗೆ ನಿಲ್ಲುವುದು?

ಪ್ರಶ್ನೆ: ನಾನು ಶಿವಮೊಗ್ಗ ಕಡೆಯವಳು. ಟೆಕ್ಸಾಸ್‌ನ ಸ್ಯಾನ್ ಆಂಟೋನಿಯೋದಲ್ಲಿ ಸಂಖ್ಯಾಶಾಸ್ತ್ರ ಕಲಿಸುತ್ತೇನೆ. ಲ್ಯಾಟಿನೊ, ಅಂದರೆ ಲ್ಯಾಟಿನ್ ಅಮೆರಿಕ ಮೂಲದ, ಜನರಲ್ಲಿ ದೀರ್ಘಕಾಲದ ಕಾಯಿಲೆಗಳು ಏಕೆ ಹೆಚ್ಚು, ಚಿಕಿತ್ಸೆ ಏಕೆ ಕಡಿಮೆ ಎಂದು ಅಧ್ಯಯನ ಮಾಡುವ ಕಿರಿಯ ಸಂಶೋಧಕರಿಗೆ ಸಣ್ಣ ಅನುದಾನ ಕೊಡುವ ಹೊಣೆ ಈ ವರ್ಷ ನನ್ನ ಮೇಲೆ ಬಿದ್ದಿದೆ. ಹಣ ಹನ್ನೆರಡು ತಿಂಗಳಲ್ಲಿ ಖರ್ಚಾಗಬೇಕು. ಮೂವರು ಆಯ್ಕೆಯಾಗಿದ್ದಾರೆ. ಒಬ್ಬರ ವಿಷಯ ಮಧುಮೇಹ, ಇನ್ನೊಬ್ಬರದು ಫ್ಯಾಟಿ ಲಿವರ್, ಮೂರನೆಯವರದು ಕಿಡ್ನಿ ವೈಫಲ್ಯ. ನನಗೆ ಸ್ಪ್ಯಾನಿಷ್ ಬಾರದು, ಆ ಸಮುದಾಯದ ಒಡನಾಟವೂ ಇಲ್ಲ. ಚೆಕ್ ಕೊಡುವುದರ ಆಚೆಗೆ ನಾನು ಏನು ಮಾಡಬಲ್ಲೆ? ಫ್ಯಾಟಿ ಲಿವರ್ ಅಧ್ಯಯನ ಮಾಡುವವಳು ಎಚ್-1ಬಿ ವೀಸಾದಲ್ಲಿರುವ ಮೈಸೂರಿನ ಹುಡುಗಿ. ಅವಳ ಮುಂದಿನ ದಾರಿಯ ಬಗ್ಗೆಯೂ ತಿಳಿಸಿ.

ಉತ್ತರ: ಸ್ಪ್ಯಾನಿಷ್ ಬಾರದಿರುವುದು ದೊಡ್ಡ ತೊಡಕೇನಲ್ಲ. ಹನ್ನೆರಡು ತಿಂಗಳಲ್ಲಿ ಹಣ ಮುಗಿಯಬೇಕು ಎಂದು ಬರೆದಿದ್ದೀರಲ್ಲ, ತೊಡಕು ಅಲ್ಲಿದೆ. ಆ ಷರತ್ತನ್ನು ಸಡಿಲಿಸುವ ಅಧಿಕಾರ ನಿಮಗಿದ್ದರೆ ಮೊದಲು ಆ ಕೆಲಸ ಮಾಡಿ. ಇಲ್ಲದಿದ್ದರೆ ಅದು ಯಾರ ಕೈಯಲ್ಲಿದೆಯೋ ಅವರ ಬೆನ್ನು ಬೀಳಿ. ಈ ಮೂವರಿಗೆ ನಿಮ್ಮಿಂದ ಸಿಗಬಹುದಾದ ಅತಿ ದೊಡ್ಡ ನೆರವು ಕಾಲಾವಕಾಶ. ಹಣ ಎರಡನೆಯದು.

ಒಂದು ವರ್ಷದ ಅನುದಾನ ಹೇಗೆ ಕರಗುತ್ತದೆ ಎಂದು ಲೆಕ್ಕ ಹಾಕಿ ನೋಡಿ. ನೈತಿಕ ಸಮಿತಿಯ ಅನುಮತಿ ಬೇಕು. ಒಪ್ಪಿಗೆ ಪತ್ರವನ್ನು ಸ್ಪ್ಯಾನಿಷ್‌ಗೆ ತರಬೇಕು, ಅದಕ್ಕೆ ಮತ್ತೊಮ್ಮೆ ಸಮಿತಿಯ ಮುದ್ರೆ ಬೀಳಬೇಕು. ಸಿಬ್ಬಂದಿ ನೇಮಕವಾಗಬೇಕು, ಬಡಾವಣೆಯ ಚರ್ಚಿನವರೊಂದಿಗೋ ಕ್ಲಿನಿಕ್‌ನವರೊಂದಿಗೋ ಮಾತು ಕುದುರಬೇಕು. ಇಷ್ಟಾಗುವಾಗ ಅರ್ಧ ವರ್ಷ ಸರಿದಿರುತ್ತದೆ. ಉಳಿದರ್ಧದಲ್ಲಿ ಗುರಿ ಮುಟ್ಟಲೇಬೇಕೆಂಬ ಆತುರದಲ್ಲಿ ಕಿರಿಯ ಸಂಶೋಧಕರು ಕೈಗೆ ಸಿಕ್ಕವರನ್ನು ಸೇರಿಸಿಕೊಳ್ಳುತ್ತಾರೆ, ಅಂದರೆ ವಿಶ್ವವಿದ್ಯಾಲಯದ ಆಸ್ಪತ್ರೆಗೆ ಹೇಗೂ ಬರುವವರನ್ನು. ವಿಮೆ ಇರುವವರು, ಕಾರು ಇರುವವರು, ಹಗಲಿನಲ್ಲಿ ರಜೆ ಸಿಗುವವರು ಅವರು. ಅಧ್ಯಯನದ ಪ್ರಶ್ನೆ ಇದ್ದದ್ದು ಬಾರದವರ ಬಗ್ಗೆ. ದೇಶದಲ್ಲೇ ವಿಮೆ ಇಲ್ಲದವರ ಪ್ರಮಾಣ ಅತಿ ಹೆಚ್ಚಿರುವ ರಾಜ್ಯ ಟೆಕ್ಸಾಸ್. ಬಡವರಿಗೆ ಸರ್ಕಾರ ಕೊಡುವ ವಿಮೆಯಾದ ಮೆಡಿಕೇಡ್‌ನ ವಿಸ್ತರಣೆಯನ್ನೂ ಅದು ಒಪ್ಪಿಕೊಂಡಿಲ್ಲ. ಅಂಥಲ್ಲಿ ಈ ಆಯ್ಕೆದೋಷ ಎಷ್ಟು ದೊಡ್ಡದಾಗುತ್ತದೆ ಎಂಬುದನ್ನು ಸಂಖ್ಯಾಶಾಸ್ತ್ರ ಬಲ್ಲ ನಿಮಗೆ ವಿವರಿಸಬೇಕಿಲ್ಲ.

ಆದ್ದರಿಂದ ಅನುದಾನವನ್ನು ಎರಡು ಕಂತು ಮಾಡಿ. ಮೊದಲ ಕಂತಿನಲ್ಲಿ ದತ್ತಾಂಶವನ್ನೇ ಕೇಳಬೇಡಿ. ಬಡಾವಣೆಯಲ್ಲಿ ಯಾರೊಂದಿಗೆ ಮಾತಾಡಿದಿರಿ, ಅವರು ಪ್ರಶ್ನಾವಳಿಯಲ್ಲಿ ಏನು ಬದಲಾಯಿಸಿ ಎಂದರು, ಇಷ್ಟು ವರದಿ ಸಾಕು. ಒಟ್ಟು ಅವಧಿಯನ್ನು ಎರಡು ವರ್ಷಕ್ಕೆ ಎಳೆಯಲು ನೋಡಿ. ಒಂದು ಪಾಲನ್ನು ಬೇರೆ ಎತ್ತಿಡಿ. ಒಂದು ಅನುದಾನ ಮುಗಿದು ಇನ್ನೊಂದು ಬರುವ ನಡುವಿನ ತಿಂಗಳುಗಳಲ್ಲಿ ಸಮುದಾಯದ ಕಾರ್ಯಕರ್ತೆಯ ಸಂಬಳ ನಿಲ್ಲದಿರಲಿ ಎಂಬುದಕ್ಕೆ ಅದು. ನಿಮ್ಮ ನಿಧಿಯ ನಿಯಮ ಬಿಡದಿದ್ದರೆ ವಿಭಾಗದ ಮುಖ್ಯಸ್ಥರನ್ನು ಕೇಳಿ. ದೊಡ್ಡ ಮೊತ್ತವೇನೂ ಬೇಕಾಗುವುದಿಲ್ಲ.

ಈ ಕಾರ್ಯಕರ್ತೆಯರಿಗೆ ಅಲ್ಲಿ ಪ್ರೊಮೊತೊರಾ ಎನ್ನುತ್ತಾರೆ. ನಮ್ಮ ಆಶಾ ಕಾರ್ಯಕರ್ತೆಯನ್ನು ನೆನೆದುಕೊಂಡರೆ ಅರ್ಧ ಚಿತ್ರ ಸಿಗುತ್ತದೆ: ಅದೇ ಬೀದಿಯವಳು, ಅದೇ ಮಾತಿನವಳು, ಯಾರ ಮನೆಯ ಬಾಗಿಲು ಯಾವ ಹೊತ್ತಿಗೆ ತೆರೆದಿರುತ್ತದೆ ಎಂದು ಬಲ್ಲವಳು. ಆದರೆ ಇವರ ಹಿಂದೆ ಸರ್ಕಾರದ ಕಾಯಂ ಯೋಜನೆ ಇರುವುದು ಅಪರೂಪ, ಬದುಕು ಅನುದಾನದಿಂದ ಅನುದಾನಕ್ಕೆ ನಡೆಯುತ್ತದೆ. (ಸಂಭಾವನೆಯ ಗೋಳು ಮಾತ್ರ ಎರಡೂ ಕಡೆ ಒಂದೇ.) ಸಂಶೋಧನೆ ನಿಂತಾಗ ಪ್ರೊಮೊತೊರಾ ಬೇರೆ ಕೆಲಸ ಹುಡುಕಿಕೊಂಡು ಹೋದರೆ, ಅವಳೊಂದಿಗೆ ಹೋಗುವುದು ಇಡೀ ಬಡಾವಣೆಯ ಪರಿಚಯ. ಮುಂದಿನ ಬಾರಿ ಹೊಸ ಸಂಶೋಧಕ ಮತ್ತೆ ಮೊದಲಿನಿಂದ ಬಾಗಿಲು ತಟ್ಟಬೇಕು. ಆಗ ಒಳಗಿನವರು ಕೇಳುವ ಮೊದಲ ಪ್ರಶ್ನೆ, ಹೋದ ಸಲ ತೆಗೆದುಕೊಂಡು ಹೋದ ರಕ್ತದ ಫಲಿತಾಂಶ ಏನಾಯಿತು ಎಂಬುದು.

ನಿಮ್ಮ ರಾಜ್ಯದಲ್ಲೇ ಇದಕ್ಕೆ ಒಳ್ಳೆಯ ಮಾದರಿ ಇದೆ. ಮೆಕ್ಸಿಕೋ ಗಡಿಗೆ ಅಂಟಿಕೊಂಡ ಸ್ಟಾರ್ ಕೌಂಟಿಯಲ್ಲಿ ಶ್ಯಾರನ್ ಬ್ರೌನ್, ಕ್ರೇಗ್ ಹ್ಯಾನಿಸ್ ಮತ್ತು ಸಂಗಡಿಗರು ಮಧುಮೇಹವಿರುವ 256 ಮೆಕ್ಸಿಕನ್ ಮೂಲದವರೊಂದಿಗೆ ನಡೆಸಿದ ಪ್ರಯೋಗ 2002ರಲ್ಲಿ ಪ್ರಕಟವಾಯಿತು. ಒಂದು ವರ್ಷದಲ್ಲಿ 52 ಗಂಟೆಗಳ ಪಾಠ ಮತ್ತು ಬೆಂಬಲ ಸಭೆಗಳು, ಎಲ್ಲವೂ ಸ್ಪ್ಯಾನಿಷ್‌ನಲ್ಲಿ. ಆ ಜನ ದಿನವೂ ಉಣ್ಣುವ ಆಹಾರವನ್ನೇ ಇಟ್ಟುಕೊಂಡು ಊಟದ ಮಾತು, ಜೊತೆಗೆ ಮನೆಯವರೊಬ್ಬರು. ಆರು ತಿಂಗಳಲ್ಲಿ ಎಚ್‌ಬಿಎ1ಸಿ (ಹಿಂದಿನ ಎರಡು ಮೂರು ತಿಂಗಳ ರಕ್ತದ ಸಕ್ಕರೆಯ ಮಟ್ಟವನ್ನು ಶೇಕಡಾವಾರು ತೋರುವ ಅಳತೆ) ಹೋಲಿಕೆಯ ಗುಂಪಿಗಿಂತ 1.4 ಅಂಶ ಕೆಳಗಿತ್ತು. ಮಾತ್ರೆಯೊಂದು ಇಷ್ಟು ಇಳಿಸಿದರೆ ಔಷಧ ಕಂಪನಿ ಹಬ್ಬ ಮಾಡುತ್ತದೆ. ಆದರೆ ಅದೇ ವರದಿಯಲ್ಲಿ ಇನ್ನೊಂದು ಮಾತಿದೆ: ಇಳಿದ ಮೇಲೂ ಸರಾಸರಿ 10ಕ್ಕಿಂತ ಮೇಲೇ ಇತ್ತು, ಎಂದರೆ ರೋಗ ಹತೋಟಿಯಿಂದ ಬಹಳ ದೂರ. ನಿಮ್ಮ ಮೂವರಿಗೆ ಈ ಎರಡನೆಯ ಅಂಕಿಯನ್ನೂ ತೋರಿಸಿ. ಪಾಠದಿಂದ ಎಷ್ಟು ಸಾಧ್ಯ, ಯಾವ ಹಂತದಲ್ಲಿ ಔಷಧ, ವೈದ್ಯರು ಮತ್ತು ವಿಮೆ ಇಲ್ಲದೆ ನಡೆಯದು ಎಂಬುದು ಅದರಲ್ಲೇ ಇದೆ. ಅರ್ಜಿಗಳಲ್ಲಿ ಮೊದಲ ಅಂಕಿಯನ್ನಷ್ಟೇ ಉದ್ಧರಿಸುವ ಚಾಳಿ ಬಹಳ ಇದೆ.

ಈಗ ಸಣ್ಣ ಸಂಗತಿಗಳಿಗೆ ಬರುತ್ತೇನೆ. ಕಿರಿಯರು ಸೋಲುವುದು ಹೆಚ್ಚಾಗಿ ಇಲ್ಲಿ, ಹಿರಿಯರು ನೋಡದಿರುವುದೂ ಇಲ್ಲೇ.

ಅಧ್ಯಯನಕ್ಕೆ ಬಂದವರಿಗೆ 25 ಡಾಲರ್ ಗಿಫ್ಟ್ ಕಾರ್ಡ್ ಕೊಡಬೇಕು ಎಂದಿಟ್ಟುಕೊಳ್ಳಿ. ಕೆಲವು ವಿಶ್ವವಿದ್ಯಾಲಯಗಳ ಲೆಕ್ಕಪತ್ರ ವಿಭಾಗ ಅಷ್ಟಕ್ಕೂ ಹೆಸರು, ವಿಳಾಸ, ಸೋಷಿಯಲ್ ಸೆಕ್ಯುರಿಟಿ ಸಂಖ್ಯೆ ಬರೆಸಿಕೊಳ್ಳುತ್ತದೆ. ವಲಸೆಯ ಕಾಗದಪತ್ರ ಇಲ್ಲದವರು, ಅಥವಾ ಮನೆಯಲ್ಲಿ ಅಂಥವರೊಬ್ಬರು ಇರುವವರು, ಆ ಅರ್ಜಿಯನ್ನು ನೋಡಿದ ಕೂಡಲೇ ಎದ್ದು ಹೋಗುತ್ತಾರೆ. ಮೊದಲ ವರ್ಷದ ಸಂಶೋಧಕಿ ಲೆಕ್ಕಪತ್ರದ ಕೌಂಟರಿನಲ್ಲಿ ವಾದ ಮಾಡಿದರೆ ಯಾರೂ ಕಿವಿಗೊಡುವುದಿಲ್ಲ. ಪ್ರೊಫೆಸರ್ ಹೋಗಿ ಕೂತರೆ ಸಣ್ಣ ಮೊತ್ತಕ್ಕೆ ವಿನಾಯಿತಿ ಸಿಗುವುದುಂಟು. ಈ ಕೆಲಸಕ್ಕೆ ಸ್ಪ್ಯಾನಿಷ್ ಬೇಡ, ನಿಮ್ಮ ಹುದ್ದೆ ಸಾಕು.

ಹಾಗೆಯೇ ಖಾಲಿ ಹೊಟ್ಟೆಯ ರಕ್ತ. ಬೆಳಗಿನ ಎಂಟಕ್ಕೆ ಉಪವಾಸವಿದ್ದು ಬನ್ನಿ ಎಂದರೆ, ನಸುಕಿನಲ್ಲೇ ಕಟ್ಟಡದ ಕೆಲಸಕ್ಕೋ ಹೋಟೆಲಿನ ಅಡುಗೆಮನೆಗೋ ಹೋಗುವವರು ಹೇಗೆ ಬರುತ್ತಾರೆ? ಎಚ್‌ಬಿಎ1ಸಿಗೆ ಉಪವಾಸ ಬೇಕಿಲ್ಲ. ಭಾನುವಾರ ಚರ್ಚಿನ ಪ್ರಾರ್ಥನೆ ಮುಗಿದ ಮೇಲೆ, ಅಲ್ಲೇ ಸಭಾಂಗಣದಲ್ಲಿ, ಬೆರಳಿನ ಒಂದು ಹನಿಯಲ್ಲಿ ಮಾಡಬಹುದು. ಇಂಥ ಆಯ್ಕೆಯಿಂದ ನಿಖರತೆ ಕೊಂಚ ತಗ್ಗಬಹುದು. ಎಷ್ಟು ತಗ್ಗುತ್ತದೆ, ಅದಕ್ಕೆ ಎಷ್ಟು ಜನ ಹೆಚ್ಚು ಬೇಕು ಎಂದು ಲೆಕ್ಕ ಹಾಕಿ ಕೊಡುವುದು ನಿಮ್ಮ ಪಾಲಿನ ಕೆಲಸ.

ಗೋಪ್ಯತೆಯ ವಿಚಾರ ಇದಕ್ಕಿಂತ ಗಂಭೀರ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಾದ ಎನ್‌ಐಎಚ್ ಹಣ ಕೊಟ್ಟ ಅಧ್ಯಯನಗಳಿಗೆ 2017ರ ಅಕ್ಟೋಬರ್‌ನಿಂದ ಗೋಪ್ಯತಾ ಪ್ರಮಾಣಪತ್ರ ತಾನಾಗಿಯೇ ಸಿಗುತ್ತದೆ. ಭಾಗವಹಿಸಿದವರನ್ನು ಗುರುತಿಸುವ ಮಾಹಿತಿಯನ್ನು ನ್ಯಾಯಾಲಯವೇ ಕೇಳಿದರೂ ಅವರ ಒಪ್ಪಿಗೆಯಿಲ್ಲದೆ ಕೊಡುವಂತಿಲ್ಲ. ನಿಮ್ಮದು ವಿಶ್ವವಿದ್ಯಾಲಯದ ಸ್ವಂತ ನಿಧಿಯಾದರೆ ಅದು ತಾನಾಗಿ ಬರುವುದಿಲ್ಲ, ಪ್ರತ್ಯೇಕವಾಗಿ ಅರ್ಜಿ ಹಾಕಬೇಕು. ಸಣ್ಣ ಅಧ್ಯಯನಗಳಲ್ಲಿ ಇದು ಮರೆತೇ ಹೋಗುತ್ತದೆ. ಮೂವರೂ ಮೊದಲ ವ್ಯಕ್ತಿಯನ್ನು ಸೇರಿಸಿಕೊಳ್ಳುವ ಮುನ್ನ ಆ ಪತ್ರ ಕಡತದಲ್ಲಿರಲಿ. ಇನ್ನು ವಲಸೆಯ ಸ್ಥಿತಿಗತಿ. ಅಧ್ಯಯನಕ್ಕೆ ಅದು ಬೇಕೇಬೇಕು ಎಂದಾಗ ಮಾತ್ರ ಕೇಳಲಿ. ಬರೆದಿಡದ ಉತ್ತರವನ್ನು ಯಾರೂ ಕಸಿದುಕೊಳ್ಳಲಾರರು.

ವಿಷಯಗಳ ಬಗ್ಗೆ. ಮಧುಮೇಹದ ಸಂಶೋಧಕರನ್ನು ಮೊದಲು ಕೇಳಿ: ಲ್ಯಾಟಿನೊ ಅಂದರೆ ಯಾರು? ಬ್ರಾಂಕ್ಸ್, ಶಿಕಾಗೊ, ಮಯಾಮಿ, ಸ್ಯಾನ್ ಡಿಯೇಗೊಗಳಲ್ಲಿ 2008ರಿಂದ 2011ರವರೆಗೆ 16,415 ಜನರನ್ನು ಸೇರಿಸಿಕೊಂಡ ‘ಹಿಸ್ಪಾನಿಕ್ ಸಮುದಾಯ ಆರೋಗ್ಯ ಅಧ್ಯಯನ’ದಲ್ಲಿ (ಹಿಸ್ಪಾನಿಕ್ ಎಂಬುದು ಲ್ಯಾಟಿನೊಗೆ ಹೆಚ್ಚುಕಡಿಮೆ ಇನ್ನೊಂದು ಹೆಸರು) ಮಧುಮೇಹದ ಪ್ರಮಾಣ ದಕ್ಷಿಣ ಅಮೆರಿಕ ಮೂಲದವರಲ್ಲಿ ಶೇ 10.2, ಕ್ಯೂಬಾ ಮೂಲದವರಲ್ಲಿ ಶೇ 13.4, ಮೆಕ್ಸಿಕೋ ಮೂಲದವರಲ್ಲಿ ಶೇ 18.3. ಹೆಚ್ಚುಕಡಿಮೆ ದುಪ್ಪಟ್ಟು ಅಂತರ ಇರುವ ಗುಂಪುಗಳನ್ನು ಒಂದೇ ಹಣೆಪಟ್ಟಿಯಡಿ ಕೂಡಿಸಿ ಸರಾಸರಿ ತೆಗೆದರೆ ಆ ಸರಾಸರಿ ಯಾರದೂ ಅಲ್ಲ. ನಿಮ್ಮ ನಗರದಲ್ಲಿ ಹೆಚ್ಚಿನವರು ಮೆಕ್ಸಿಕೋ ಮೂಲದವರಾದ್ದರಿಂದ ಈ ಸಮಸ್ಯೆ ಕಡಿಮೆ, ಆದರೆ ಇನ್ನೊಂದು ಇದೆ. 1979ರಲ್ಲಿ ಶುರುವಾದ ಸ್ಯಾನ್ ಆಂಟೋನಿಯೋ ಹೃದಯ ಅಧ್ಯಯನ ಜನರನ್ನು ಮೂರು ಬಗೆಯ ಬಡಾವಣೆಗಳಿಂದ ಆರಿಸಿತು: ಬ್ಯಾರಿಯೊ ಎನ್ನುವ ಬಡವರ ಕೇರಿ, ಮಧ್ಯಮ ವರ್ಗದ ಮಿಶ್ರ ಬಡಾವಣೆ, ಶ್ರೀಮಂತ ಉಪನಗರ. ಮೆಕ್ಸಿಕನ್ ಮೂಲದವರಲ್ಲೇ ಬ್ಯಾರಿಯೊದಿಂದ ಉಪನಗರಕ್ಕೆ ಹೋದಂತೆ ಮಧುಮೇಹ ಇಳಿಯುತ್ತಿತ್ತು. ನಿಮ್ಮ ಊರಿನ ಬೀದಿಗಳಲ್ಲೇ ನಡೆದ ಈ ಕೆಲಸವನ್ನು ಅಲ್ಲಿನ ಕಿರಿಯರು ಓದಿರುತ್ತಾರೆಂದು ನಂಬಿ ಕೂರಬೇಡಿ.

ಬಿಳಿಯರ ಹೋಲಿಕೆಯ ಗುಂಪು ಎಲ್ಲಿ ಎಂದು ಅರ್ಜಿಯ ವಿಮರ್ಶಕರು ಕೇಳುವುದುಂಟು, ಕಿರಿಯರು ಹೆದರಿ ಒಂದನ್ನು ಸೇರಿಸಿಬಿಡುತ್ತಾರೆ. ಪ್ರಶ್ನೆ ಗುಂಪಿನೊಳಗಿನ ವ್ಯತ್ಯಾಸದ್ದಾದರೆ ಅದು ಬೇಕಿಲ್ಲ. ಮೇಲೆ ಹೇಳಿದ 16,415 ಜನರ ಅಧ್ಯಯನದಲ್ಲಿ ಬಿಳಿಯರ ಗುಂಪೇ ಇಲ್ಲ. ಇದನ್ನು ಧೈರ್ಯವಾಗಿ, ಎರಡು ಸಾಲಿನಲ್ಲಿ, ತಕರಾರಿಲ್ಲದ ಧಾಟಿಯಲ್ಲಿ ಬರೆಯುವುದನ್ನು ಅವರಿಗೆ ಕಲಿಸಿ. ವಿಮರ್ಶಕರಿಂದ ಬರುವ ಇನ್ನೊಂದು ಪ್ರಶ್ನೆ: ಲ್ಯಾಟಿನೊ ಜನ ಬಿಳಿಯರಿಗಿಂತ ಹೆಚ್ಚು ವರ್ಷ ಬದುಕುತ್ತಾರಲ್ಲ, ಮತ್ತೆ ಅಸಮಾನತೆ ಎಲ್ಲಿ ಬಂತು? ಮಾರ್ಕೈಡ್ಸ್ ಮತ್ತು ಕೊರೈಲ್ 1986ರಲ್ಲಿ ಗುರುತಿಸಿದ ಈ ವಿರೋಧಾಭಾಸ ನಿಜವೇ. 2019ರಲ್ಲಿ ಲ್ಯಾಟಿನೊ ಜನರ ನಿರೀಕ್ಷಿತ ಆಯುಸ್ಸು 81.9 ವರ್ಷ, ಬಿಳಿಯರಿಗಿಂತ ಸುಮಾರು ಮೂರು ವರ್ಷ ಹೆಚ್ಚು. ಆದರೆ ಕೋವಿಡ್ ಬಂದ 2020ರಲ್ಲಿ ಅದು ಒಂದೇ ಏಟಿಗೆ ಸುಮಾರು ನಾಲ್ಕು ವರ್ಷ ಕುಸಿಯಿತು. ಹೆಚ್ಚು ಕಾಲ ಬದುಕುವುದು ಬೇರೆ, ಆ ಕಾಲವನ್ನು ಮಧುಮೇಹದೊಂದಿಗೆ, ಡಯಾಲಿಸಿಸ್‌ನೊಂದಿಗೆ ಕಳೆಯುವುದು ಬೇರೆ.

ಮೈಸೂರಿನ ಹುಡುಗಿಯ ಫ್ಯಾಟಿ ಲಿವರ್ ವಿಷಯದಲ್ಲಿ ಒಂದು ಆಕರ್ಷಣೆ ಇದೆ, ಎಚ್ಚರವಿರಲಿ. 2008ರಲ್ಲಿ ಡಲ್ಲಾಸ್‌ನ ಹೆಲೆನ್ ಹಾಬ್ಸ್, ಜೊನಾಥನ್ ಕೋಹೆನ್ ತಂಡ ಲಿವರಿನಲ್ಲಿ ಕೊಬ್ಬು ಕೂಡಿಸುವ ಪಿಎನ್‌ಪಿಎಲ್‌ಎ3 ಎಂಬ ವಂಶವಾಹಿಯ ಒಂದು ರೂಪವನ್ನು ಗುರುತಿಸಿತು. ಹಿಸ್ಪಾನಿಕ್ ಜನರಲ್ಲಿ ಅದರ ಪ್ರಮಾಣ ಶೇ 49, ಐರೋಪ್ಯ ಮೂಲದವರಲ್ಲಿ ಶೇ 23, ಆಫ್ರಿಕನ್ ಅಮೆರಿಕನ್ನರಲ್ಲಿ ಶೇ 17. ಇದು ದೊಡ್ಡ ಶೋಧ. ಆದರೆ ಲಿವರ್ ಗಟ್ಟಿಯಾಗುವವರೆಗೂ ರೋಗಿ ವೈದ್ಯರನ್ನು ಏಕೆ ಕಾಣಲಿಲ್ಲ ಎಂಬುದಕ್ಕೆ ವಂಶವಾಹಿ ಉತ್ತರ ಹೇಳದು. ಪ್ರಯೋಗಾಲಯದಲ್ಲಿ ಕೂತು ಎಲ್ಲವನ್ನೂ ವಂಶವಾಹಿಯ ತಲೆಗೆ ಕಟ್ಟುವುದು ಸುಲಭ. ಅವಳ ಅರ್ಜಿಯಲ್ಲಿ ವಿಮೆ, ಆದಾಯ, ಮೊದಲ ತಪಾಸಣೆಯ ವಯಸ್ಸು ಇವೂ ಇವೆಯೇ ನೋಡಿ. ಅವಳಿಗೆ ‘ಮಸಾಲಾ’ ಅಧ್ಯಯನದ ಮಾದರಿಯನ್ನೂ ತೋರಿಸಬಹುದು. ಅಮೆರಿಕದಲ್ಲಿರುವ ನಮ್ಮಂಥ ದಕ್ಷಿಣ ಏಷ್ಯಾ ಮೂಲದವರ ಹೃದ್ರೋಗ, ಮಧುಮೇಹವನ್ನು ಗಮನಿಸುವ ಆ ಅಧ್ಯಯನ 2010ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿ ಪ್ರದೇಶ ಮತ್ತು ಶಿಕಾಗೊದಲ್ಲಿ 906 ಜನರೊಂದಿಗೆ ಶುರುವಾಯಿತು. ಅದು ಅಳತೆಯ ಕ್ರಮವನ್ನು ಹೊಸದಾಗಿ ಹುಟ್ಟಿಸಲಿಲ್ಲ. ಬಿಳಿಯ, ಕಪ್ಪು, ಹಿಸ್ಪಾನಿಕ್, ಚೀನೀ ಮೂಲದವರನ್ನು ಒಳಗೊಂಡ ‘ಮೆಸಾ’ ಅಧ್ಯಯನದ ಕ್ರಮವನ್ನೇ ಎತ್ತಿಕೊಂಡಿತು. ಹಾಗಾಗಿ ಒಂಬೈನೂರು ಜನರ ಫಲಿತಾಂಶವನ್ನು ಸಾವಿರಾರು ಜನರ ಪಕ್ಕದಲ್ಲಿಟ್ಟು ನೋಡಲು ಬಂತು. ಸಣ್ಣ ಅನುದಾನದವರು ಕಲಿಯಬೇಕಾದ ಜಾಣತನ ಇದು: ಸ್ವಂತ ಪ್ರಶ್ನಾವಳಿ ಹೆಣೆಯುವ ಉಮೇದು ಬಿಟ್ಟು, ಈಗಾಗಲೇ ಇರುವ ದೊಡ್ಡ ಅಧ್ಯಯನದ ಪ್ರಶ್ನೆಗಳನ್ನು ಹಾಗೆಯೇ ಬಳಸಲಿ.

ಕಿಡ್ನಿಯ ಸಂಶೋಧಕರಿಗೆ ಡೆನ್ವರ್‌ನ ಲಿಲಿಯಾ ಸರ್ವಾಂಟೆಸ್ ಅವರ ಕೆಲಸವನ್ನು ಮೊದಲಿನಿಂದ ಕೊನೆಯವರೆಗೆ, ಪ್ರಕಟವಾದ ಕ್ರಮದಲ್ಲೇ ಓದಲು ಹೇಳಿ. ಹಿನ್ನೆಲೆ ಹೀಗಿದೆ. 1972ರ ಕಾನೂನಿನಿಂದ ಕಿಡ್ನಿ ಸೋತ ಬಹುಪಾಲು ಅಮೆರಿಕನ್ನರಿಗೆ ಕೇಂದ್ರ ಸರ್ಕಾರದ ವಿಮೆಯಾದ ಮೆಡಿಕೇರ್ ಡಯಾಲಿಸಿಸ್ ಖರ್ಚು ಕೊಡುತ್ತದೆ, ಕಾಗದಪತ್ರವಿಲ್ಲದ ವಲಸಿಗರಿಗೆ ಕೊಡುವುದಿಲ್ಲ. 1986ರ ಇನ್ನೊಂದು ಕಾನೂನಿನ ಪ್ರಕಾರ ತುರ್ತು ಸ್ಥಿತಿಯಲ್ಲಿ ಬಂದವರನ್ನು ಆಸ್ಪತ್ರೆ ನೋಡಲೇಬೇಕು. ಎರಡೂ ಸೇರಿ ಆದದ್ದೇನೆಂದರೆ, ಹಲವು ರಾಜ್ಯಗಳಲ್ಲಿ ಇಂಥ ರೋಗಿಗಳು ವಾರಕ್ಕೆ ಮೂರು ಬಾರಿ ನಿಗದಿಯಾಗಿ ಡಯಾಲಿಸಿಸ್ ಪಡೆಯುವ ಬದಲು ಉಸಿರು ಕಟ್ಟುವವರೆಗೆ, ರಕ್ತದ ಪೊಟ್ಯಾಸಿಯಂ ಪ್ರಾಣಕ್ಕೆ ಎರವಾಗುವಷ್ಟು ಏರುವವರೆಗೆ ಮನೆಯಲ್ಲಿ ಕಾದು, ಆಮೇಲೆ ತುರ್ತು ವಿಭಾಗಕ್ಕೆ ಬರುತ್ತಿದ್ದರು. ಆಸ್ಪತ್ರೆಯ ವಾರ್ಡಿನಲ್ಲಿ ಇವರನ್ನು ನೋಡುತ್ತಿದ್ದ ಸರ್ವಾಂಟೆಸ್ ಮೊದಲು ಮಾಡಿದ್ದು ಅಂಕಿಯ ಅಧ್ಯಯನವಲ್ಲ, ಇಪ್ಪತ್ತು ರೋಗಿಗಳನ್ನು ಕೂರಿಸಿಕೊಂಡು ಮಾತಾಡಿಸಿದ ಅಧ್ಯಯನ. ಅದು 2017ರಲ್ಲಿ ಪ್ರಕಟವಾಯಿತು. 2018ರಲ್ಲಿ ಅಂಕಿ ಬಂತು: ಡೆನ್ವರ್, ಹ್ಯೂಸ್ಟನ್‌ಗಳ ತುರ್ತು ಡಯಾಲಿಸಿಸ್ ರೋಗಿಗಳನ್ನು, ಅಂಥವರಿಗೂ ನಿಗದಿತ ಡಯಾಲಿಸಿಸ್ ಕೊಡುವ ಸ್ಯಾನ್ ಫ್ರಾನ್ಸಿಸ್ಕೊದ ರೋಗಿಗಳೊಂದಿಗೆ ಹೋಲಿಸಿದಾಗ ಐದನೇ ವರ್ಷಕ್ಕೆ ಸಾವಿನ ಅಪಾಯ 14 ಪಟ್ಟು. ಒಟ್ಟು ರೋಗಿಗಳು 211 ಮಾತ್ರ. ಅದೇ ವರ್ಷ, ಬಾಗಿಲಲ್ಲಿ ಬಂದವರನ್ನು ಸಾಕಷ್ಟು ಕೆಟ್ಟಿಲ್ಲವೆಂದು ವಾಪಸ್ ಕಳಿಸಬೇಕಾದ ವೈದ್ಯರು ಮತ್ತು ನರ್ಸ್‌ಗಳ ಸಂಕಟದ ಬಗ್ಗೆಯೂ ಬರೆದರು. 2019ರಲ್ಲಿ ಡೆನ್ವರ್ ಇರುವ ಕೊಲರಾಡೊ ರಾಜ್ಯ ತನ್ನ ಮೆಡಿಕೇಡ್ ನಿಯಮ ಬದಲಿಸಿ ಇಂಥ ರೋಗಿಗಳಿಗೂ ನಿಗದಿತ ಡಯಾಲಿಸಿಸ್ ತೆರೆಯಿತು. ಸಣ್ಣ ಮಾದರಿಯಿಂದ ಏನಾಗುತ್ತದೆ ಎಂದು ಮೂಗು ಮುರಿಯುವ ಸಹೋದ್ಯೋಗಿಗಳಿಗೆ ನಾನು ಈ ಉದಾಹರಣೆಯನ್ನೇ ಕೊಡುತ್ತೇನೆ. ಇಪ್ಪತ್ತು ಸಂದರ್ಶನಗಳಿಗೆ ದೊಡ್ಡ ಅನುದಾನ ಬೇಕಿಲ್ಲ, ಆದರೆ ಅವಸರಪಡದ ಒಬ್ಬ ಮಾರ್ಗದರ್ಶಕರು ಬೇಕು.

ಸಮುದಾಯದ ಕೆಲಸ ಹಣ್ಣಾಗುವವರೆಗೆ ಕಿರಿಯರ ಕೈಯಲ್ಲಿ ಪ್ರಕಟಣೆ ಇರುವುದಿಲ್ಲ, ಬಡ್ತಿಯ ಸಮಿತಿ ಕಾಯುವುದಿಲ್ಲ. ಇದಕ್ಕೆ ಪರಿಹಾರ ಈಗಾಗಲೇ ಇರುವ ದತ್ತಾಂಶ. ಹಿಸ್ಪಾನಿಕ್ ಸಮುದಾಯ ಅಧ್ಯಯನದ ದತ್ತಾಂಶವನ್ನು ಅರ್ಜಿ ಹಾಕಿ ಪಡೆಯಬಹುದು. ರಾಷ್ಟ್ರೀಯ ಆರೋಗ್ಯ ಮತ್ತು ಪೋಷಣೆ ಸಮೀಕ್ಷೆ ಎಲ್ಲರಿಗೂ ತೆರೆದಿದೆ. ಅದರಲ್ಲಿ 2007ರ ಮುಂಚೆ ಮೆಕ್ಸಿಕನ್ ಮೂಲದವರನ್ನಷ್ಟೇ ಹೆಚ್ಚು ಸಂಖ್ಯೆಯಲ್ಲಿ ಆರಿಸಿಕೊಳ್ಳುತ್ತಿದ್ದರು, ಆಮೇಲೆ ಎಲ್ಲ ಹಿಸ್ಪಾನಿಕ್ ಜನರನ್ನು. ಈ ಬದಲಾವಣೆಯನ್ನು ಗಮನಿಸದೆ ಹಳೆಯ, ಹೊಸ ವರ್ಷಗಳನ್ನು ಒಂದೇ ರಾಶಿಗೆ ಹಾಕಿದ ಕರಡುಗಳು ನನ್ನ ಮೇಜಿಗೂ ಬರುತ್ತವೆ. ಸಮೀಕ್ಷೆಯ ತೂಕಗಳು, ಸ್ತರ, ಗುಚ್ಛ ಇವುಗಳ ವಿಚಾರದಲ್ಲಿ ವಾರಕ್ಕೊಮ್ಮೆ ಮೂವರ ಜೊತೆ ಕೂರುವುದಾದರೆ ಅದು ಯಾವ ಕಾರ್ಯಾಗಾರಕ್ಕಿಂತಲೂ ಮೇಲು.

ಹಣದ ಹವಾಮಾನ ಈಗ ಚೆನ್ನಾಗಿಲ್ಲ, ಇದನ್ನು ಕಿರಿಯರಿಂದ ಮುಚ್ಚಿಡಬೇಡಿ. 2025ರಲ್ಲಿ ಎನ್‌ಐಎಚ್ ನೂರಾರು ಅನುದಾನಗಳನ್ನು ನಡುವೆಯೇ ರದ್ದು ಮಾಡಿತು, ಆರೋಗ್ಯ ಅಸಮಾನತೆಯ ಅಧ್ಯಯನಗಳಿಗೆ ಜೋರು ಪೆಟ್ಟು ಬಿತ್ತು. 2026ರ ಆರ್ಥಿಕ ವರ್ಷದ ಶ್ವೇತಭವನದ ಬಜೆಟ್ ಪ್ರಸ್ತಾವ ಈ ವಿಷಯಕ್ಕೆಂದೇ ಇರುವ ಅಲ್ಪಸಂಖ್ಯಾತರ ಆರೋಗ್ಯ ಸಂಸ್ಥೆಯನ್ನೇ ಕೈಬಿಡಬೇಕೆಂದಿತು. ಹಾಗಾಗಿ ಒಂದೇ ಕಡೆ ನೆಚ್ಚಿಕೊಳ್ಳುವ ಕಾಲ ಇದಲ್ಲ. ಎನ್‌ಐಎಚ್ ಒಳಗೇ ಮಧುಮೇಹ ಮತ್ತು ಕಿಡ್ನಿಗೆ, ಹೃದಯಕ್ಕೆ ಪ್ರತ್ಯೇಕ ಸಂಸ್ಥೆಗಳಿವೆ. ಅಮೆರಿಕನ್ ಹಾರ್ಟ್ ಅಸೋಸಿಯೇಷನ್‌ನಂಥ ಸರ್ಕಾರೇತರ ಮೂಲಗಳಿವೆ. ಕಾಯಿಲೆಯ ಹೆಸರಿನಲ್ಲಿ ಅರ್ಜಿ ಬರೆಯುವುದರಲ್ಲಿ ತಪ್ಪೇನಿಲ್ಲ. ಆದರೆ ಕೇಳುವ ಪ್ರಶ್ನೆಯನ್ನೇ ಮೆಲ್ಲಗೆ ಕುಗ್ಗಿಸಿಕೊಳ್ಳುವ ಒತ್ತಡ ಬಂದಾಗ ನಿಮ್ಮಲ್ಲಿ ಬಂದು ಮಾತಾಡುವಷ್ಟು ಸಲುಗೆ ಅವರಿಗಿರಲಿ.

ಇನ್ನೊಂದು ಮಾತು. ಮೂವರಲ್ಲಿ ಯಾರಾದರೂ ಲ್ಯಾಟಿನೊ ಆಗಿದ್ದರೆ ವಿಶ್ವವಿದ್ಯಾಲಯದ ಪ್ರತಿ ಸಮಿತಿಗೂ ಅವರನ್ನೇ ಕರೆಯುತ್ತಾರೆ, ದುಭಾಷಿ ಸಿಗದಿದ್ದರೆ ವಾರ್ಡಿಗೂ ಕರೆಯುತ್ತಾರೆ. ಕಿರಿಯರಿಗೆ ಬಾಯಿಬಿಟ್ಟು ಬೇಡ ಎನ್ನಲು ಆಗುವುದಿಲ್ಲ. ಅವರ ಪರವಾಗಿ ನೀವು ಬೇಡ ಎನ್ನಿ, ನಿಮ್ಮ ಹೆಸರಿನ ಮಿಂಚಂಚೆಯಿಂದಲೇ. ಎನ್‌ಐಎಚ್‌ನ ‘ಕೆ’ ಸರಣಿಯ ವೃತ್ತಿ ಅನುದಾನಗಳು ಸಾಮಾನ್ಯವಾಗಿ ದುಡಿಮೆಯ ಶೇ 75ರಷ್ಟು ಸಮಯವನ್ನು ಸಂಶೋಧನೆಗೆ ಮೀಸಲಿಡಬೇಕು ಎನ್ನುತ್ತವೆ. ಆ ಅನುದಾನ ಸಿಗುವ ಮೊದಲೇ ಅದರ ಅರ್ಧದಷ್ಟಾದರೂ ಸಮಯ ಸಿಗದಿದ್ದರೆ ಅದಕ್ಕೆ ಅರ್ಜಿ ಬರೆಯಲೂ ಬಿಡುವಾಗದು.

ಮೈಸೂರಿನ ಹುಡುಗಿಯ ದಾರಿ. ಆ ಸರಣಿಯ ಕೆ01, ಕೆ23 ಪಡೆಯಲು ಅಮೆರಿಕದ ಪೌರತ್ವ ಅಥವಾ ಗ್ರೀನ್ ಕಾರ್ಡ್ ಬೇಕು. ಭಾರತದಲ್ಲಿ ಹುಟ್ಟಿದವರಿಗೆ ಗ್ರೀನ್ ಕಾರ್ಡಿನ ಸರದಿ ಎಷ್ಟು ಉದ್ದ ಎಂಬುದು ನಿಮಗೂ ಗೊತ್ತು, ಆದ್ದರಿಂದ ಅವನ್ನು ಸದ್ಯಕ್ಕೆ ಮರೆತುಬಿಡಲಿ. ವೀಸಾದಲ್ಲಿರುವವರಿಗೆ ತೆರೆದಿರುವುದು ಪೋಸ್ಟ್‌ಡಾಕ್‌ನಿಂದ ಸ್ವತಂತ್ರ ಸಂಶೋಧಕ ಹುದ್ದೆಗೆ ದಾಟಿಸುವ ಕೆ99/ಆರ್00. ಅವಳು ಇನ್ನೂ ಪೋಸ್ಟ್‌ಡಾಕ್ ಆಗಿದ್ದರೆ ಮಾತ್ರ ಇದು ನಡೆಯುತ್ತದೆ, ಪಿಎಚ್‌ಡಿ ನಂತರದ ಸಂಶೋಧನಾ ಅನುಭವವೂ ನಾಲ್ಕು ವರ್ಷ ಮೀರಿರಬಾರದು; ನಡುವೆ ಹೆರಿಗೆಯಾಗಿದ್ದರೆ ಒಂದು ವರ್ಷದ ವಿಸ್ತರಣೆ ಕೇಳಬಹುದು. ಸಂಶೋಧನಾ ಯೋಜನೆಗಳಿಗೆಂದು ಎನ್‌ಐಎಚ್ ಕೊಡುವ ಆರ್21, ಆರ್01 ಅನುದಾನಗಳಿಗೆ ಪೌರತ್ವದ ಷರತ್ತಿಲ್ಲ, ವಿಶ್ವವಿದ್ಯಾಲಯ ಅವಳನ್ನು ಮುಖ್ಯ ಸಂಶೋಧಕಿ ಎಂದು ಒಪ್ಪಬೇಕು ಅಷ್ಟೆ. ಕೊನೆಯ ಪದವಿಯಿಂದ ಹತ್ತು ವರ್ಷದವರೆಗೆ ಆರ್01 ಅರ್ಜಿಯ ಆಯ್ಕೆಯಲ್ಲಿ ಹೊಸಬರಿಗೆ ಸಿಗುವ ರಿಯಾಯಿತಿಯೂ ಇದೆ. ಅವಳ ಪಿಎಚ್‌ಡಿ ಮುಗಿದ ತಿಂಗಳು ಯಾವುದೆಂದು ಈ ವಾರವೇ ಕೇಳಿ ಬರೆದಿಟ್ಟುಕೊಳ್ಳಿ. ಹೊಸ ಕೆ ಅರ್ಜಿಗಳ ಗಡುವು ಸಾಮಾನ್ಯವಾಗಿ ಫೆಬ್ರುವರಿ 12, ಜೂನ್ 12, ಅಕ್ಟೋಬರ್ 12. ಮೊದಲ ಸಲವೇ ಸಿಗುವುದು ಕಡಿಮೆಯಾದ್ದರಿಂದ, ತಿದ್ದಿ ಮತ್ತೊಮ್ಮೆ ಸಲ್ಲಿಸಲು ಜಾಗ ಉಳಿಯುವಂತೆ ನಾಲ್ಕು ವರ್ಷದಿಂದ ಹಿಂದಕ್ಕೆ ಎಣಿಸಿ ಮೊದಲ ಗಡುವನ್ನು ಆರಿಸಿ.